ಡಾಕ್ಟರ್ ಮುಂದೆ ಕೂತ ಕೂಡಲೇ ಎಲ್ಲ ಮರೆತುಹೋಗುತ್ತದೆ: ಎಂಡೊಮೆಟ್ರಿಯೋಸಿಸ್ ಅಪಾಯಿಂಟ್‌ಮೆಂಟ್‌ಗೆ ತಯಾರಿ ಹೇಗೆ?

ಪ್ರಶ್ನೆ: ನನಗೆ 29 ವರ್ಷ. 14ನೇ ವಯಸ್ಸಿನಿಂದಲೂ ಮುಟ್ಟಿನ ಸಮಯದಲ್ಲಿ ವಿಪರೀತ ಹೊಟ್ಟೆನೋವು. 'ಇದು ಎಲ್ಲ ಹೆಂಗಸರಿಗೂ ಇರೋದೇ' ಅಂತ ಎಲ್ಲರೂ ಹೇಳಿದರು. ಹೋದ ತಿಂಗಳು ಸ್ಕ್ಯಾನ್ ಮಾಡಿಸಿದೆ. ಎಡ ಅಂಡಾಶಯದಲ್ಲಿ 3.5 ಸೆಂಟಿಮೀಟರ್ ಚಾಕೊಲೇಟ್ ಸಿಸ್ಟ್ ಇದೆ, ಎಂಡೊಮೆಟ್ರಿಯೋಸಿಸ್ ಇರಬಹುದು ಅಂತ ಬರೆದಿದ್ದಾರೆ. ಡಾಕ್ಟರ್ ಹತ್ತಿರ ಹೋದರೆ ಐದಾರು ನಿಮಿಷದಲ್ಲಿ ಡೈನೋಜೆಸ್ಟ್ ಅನ್ನೋ ಮಾತ್ರೆ ಬರೆದುಕೊಟ್ಟರು. ಹೇಳಬೇಕು ಅಂದುಕೊಂಡಿದ್ದರಲ್ಲಿ ಅರ್ಧವನ್ನೂ ಹೇಳಲಿಲ್ಲ. ಹಾರ್ಮೋನ್ ಅಂತ ಭಯವಾಗಿ ಮಾತ್ರೆ ಶುರು ಮಾಡಿಲ್ಲ. ಇನ್ನು ಮೂರು ವಾರಕ್ಕೆ ಬೇರೆ ಗೈನಕಾಲಜಿಸ್ಟ್ ಹತ್ತಿರ ಹೋಗಬೇಕು. ಎರಡು ವರ್ಷ ಬಿಟ್ಟು ಮಗು ಬೇಕು ಅಂತ ಇದೆ. ಈ ಸಲ ಹೇಗೆ ತಯಾರಾಗಲಿ? ಗಂಡ ಜೊತೆಗೆ ಬರ್ತೀನಿ ಅಂತಿದ್ದಾರೆ, ಒಳಗೆ ಕರೆದುಕೊಂಡು ಹೋಗಲಾ?

ಉತ್ತರ:

ಮೊದಲು ಒಂದು ಲೆಕ್ಕ ಹಾಕೋಣ. 14ರಿಂದ 29, ಅಂದರೆ 15 ವರ್ಷ. ತಿಂಗಳಿಗೆ ಬರೀ ಎರಡು ದಿನ ನೀವು ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದೀರಿ ಅಂತ ಇಟ್ಟುಕೊಂಡರೂ ವರ್ಷಕ್ಕೆ 24 ದಿನ, 15 ವರ್ಷಕ್ಕೆ 360 ದಿನ. ಹತ್ತಿರಹತ್ತಿರ ಒಂದು ಇಡೀ ವರ್ಷ ನೋವಿನಲ್ಲೇ ಕಳೆದಿದೆ. ಅಷ್ಟನ್ನೂ ಐದಾರು ನಿಮಿಷದಲ್ಲಿ ಹೇಳಲು ಆಗಲಿಲ್ಲ ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಯಾರಿಗೂ ಆಗುವುದಿಲ್ಲ. ಡಾಕ್ಟರ್ ಕುರ್ಚಿಯಲ್ಲಿ ಕೂತು ವರ್ಷಾನುಗಟ್ಟಲೆ ನೋಡಿದ್ದೇನೆ, ಹೊರಗೆ ಕಾಯುವಾಗ ಎಲ್ಲ ನೆನಪಿಟ್ಟುಕೊಂಡಿರುವವರು ಒಳಗೆ ಬಂದು 'ಏನಾಗ್ತಿದೆ ಹೇಳಿ' ಅಂದ ತಕ್ಷಣ 'ಹೊಟ್ಟೆನೋವು ಡಾಕ್ಟ್ರೇ' ಅಂತ ಎರಡೇ ಮಾತಲ್ಲಿ ಮುಗಿಸಿಬಿಡುತ್ತಾರೆ.

'ಎಲ್ಲರಿಗೂ ಇರೋದೇ' ಅನ್ನುವ ಮಾತನ್ನಂತೂ ಇವತ್ತಿಗೇ ಬಿಟ್ಟುಬಿಡಿ. ಮುಟ್ಟಿನಲ್ಲಿ ಸ್ವಲ್ಪ ಸೆಳೆತ ಬಹಳ ಜನಕ್ಕೆ ಇರುತ್ತದೆ, ನಿಜ. ಆದರೆ ಕೆಲಸಕ್ಕೆ ರಜೆ ಹಾಕಿಸುವ, ವಾಂತಿ ಬರಿಸುವ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಮಾಮೂಲಿ ನೋವಲ್ಲ. ಸುಮಾರು 10 ಹೆಂಗಸರಲ್ಲಿ ಒಬ್ಬರಿಗೆ ಎಂಡೊಮೆಟ್ರಿಯೋಸಿಸ್ ಇರುತ್ತದೆ. ಲಕ್ಷಣ ಶುರುವಾಗಿ ಕಾಯಿಲೆಗೆ ಹೆಸರು ಸಿಗುವಷ್ಟರಲ್ಲಿ ಬಹಳ ಕಡೆ 4ರಿಂದ 12 ವರ್ಷ ಕಳೆದಿರುತ್ತದೆ. ನಿಮ್ಮದು 15 ಆಯಿತು. ತಡವಾಗಿದ್ದು ನಿಮ್ಮ ತಪ್ಪಿನಿಂದಲ್ಲ.

ಈ ಕಾಯಿಲೆಯಲ್ಲಿ ಆಗುವುದು ಇಷ್ಟು. ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುತ್ತದೆ. ಅಂಡಾಶಯದ ಮೇಲೆ, ಗರ್ಭಕೋಶದ ಹಿಂದೆ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ, ಎಲ್ಲಿ ಬೇಕಾದರೂ ಕೂರಬಹುದು. ಒಳಗಿನ ಪದರದ ಹಾಗೆ ಇದೂ ಹಾರ್ಮೋನಿನ ಮಾತು ಕೇಳುತ್ತದೆ, ಊದಿಕೊಳ್ಳುತ್ತದೆ, ರಕ್ತ ಒಸರುತ್ತದೆ. ಆದರೆ ಆ ರಕ್ತಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಸುತ್ತಲ ಜಾಗ ಕೆರಳುತ್ತದೆ, ಪಕ್ಕಪಕ್ಕದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದೊಳಗೆ ಹೀಗೆ ಕೂಡಿಕೊಂಡ ಹಳೇ ರಕ್ತ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದರೆ ಅದೇ ಚಾಕೊಲೇಟ್ ಸಿಸ್ಟ್.

ಈಗ ತಯಾರಿಯ ಮಾತು. ನೋವು ನಮಗೆ ಕಣ್ಣಿಗೆ ಕಾಣುವುದಿಲ್ಲ. ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಕಾಯಿಲೆಯ ಹಂತಕ್ಕೂ ನೋವಿಗೂ ತಾಳಮೇಳವೇ ಇಲ್ಲ, ಒಂದನೇ ಹಂತದಲ್ಲಿರುವವರು ಎದ್ದು ಓಡಾಡಲು ಆಗದೆ ಒದ್ದಾಡುವುದನ್ನೂ ನಾಲ್ಕನೇ ಹಂತದಲ್ಲಿರುವವರು ನೋವೇ ಇಲ್ಲದೆ ಮಕ್ಕಳಾಗಲಿಲ್ಲ ಅಂತ ಮಾತ್ರ ಬರುವುದನ್ನೂ ನೋಡಿದ್ದೇನೆ. ಹಾಗಾಗಿ ನಿಮ್ಮಿಂದ ಎರಡು ವಿಷಯ ಬೇಕು. ಈ ನೋವು ನಿಮ್ಮಿಂದ ಏನೇನು ಕಿತ್ತುಕೊಂಡಿದೆ ಅನ್ನುವುದು ಒಂದು. ಮುಂದಿನ ಒಂದೆರಡು ವರ್ಷಕ್ಕೆ ನಿಮಗೆ ಏನು ಬೇಕು ಅನ್ನುವುದು ಇನ್ನೊಂದು. ಇವೆರಡು ಸ್ಪಷ್ಟವಾದರೆ ಚಿಕಿತ್ಸೆಯ ದಾರಿ ಮುಕ್ಕಾಲು ಪಾಲು ತೆರೆದುಕೊಳ್ಳುತ್ತದೆ. ಇಲ್ಲದಿದ್ದರೆ ಎದುರಿಗಿರುವ ಡಾಕ್ಟರ್ ಎಷ್ಟೇ ಒಳ್ಳೆಯವರಾದರೂ ಊಹೆಯ ಮೇಲೆ ಬರೆದುಕೊಡುತ್ತಾರೆ.

ಮೂರು ವಾರ ಇದೆ, ಅಂದರೆ ಅಷ್ಟರೊಳಗೆ ಒಂದು ಮುಟ್ಟು ಬರುವ ಸಾಧ್ಯತೆ ಜಾಸ್ತಿ. ಇವತ್ತು ರಾತ್ರಿಯಿಂದಲೇ ಬರೆಯಲು ಶುರು ಮಾಡಿ. ಆ್ಯಪ್ ಬೇಕಿಲ್ಲ, ಇದ್ದರೆ ಬೇಡ ಅನ್ನುವುದಿಲ್ಲ. ಮಲಗುವ ಮುಂಚೆ ಒಂದೇ ಸಾಲು ಸಾಕು. ತಾರೀಕು, ಮುಟ್ಟಿನ ಎಷ್ಟನೇ ದಿನ, ನೋವು 10ಕ್ಕೆ ಎಷ್ಟು, ಎಲ್ಲಿ, ಏನು ತೆಗೆದುಕೊಂಡಿರಿ, ಏನು ಮಾಡಲು ಆಗಲಿಲ್ಲ. ಕೊನೆಯದನ್ನು ಮಾತ್ರ ಯಾವತ್ತೂ ಬಿಡಬೇಡಿ. 'ತುಂಬಾ ನೋವು' ಅಂತ ಬರೆದರೆ ನನಗೆ ಏನೂ ಗೊತ್ತಾಗುವುದಿಲ್ಲ. 'ಎರಡನೇ ದಿನ. 8. ಕಿಬ್ಬೊಟ್ಟೆ ಎಡಗಡೆ, ಅಲ್ಲಿಂದ ತೊಡೆಗೆ ಇಳಿಯಿತು. ಬೆಳಿಗ್ಗೆ ನಾಲ್ಕಕ್ಕೆ ಎಚ್ಚರ. ಮಾತ್ರೆ ಮೂರು. ಸ್ನಾನಕ್ಕೆ ನಿಲ್ಲಲು ಆಗದೆ ಸ್ಟೂಲ್ ಮೇಲೆ ಕೂತು ಮಾಡಿದೆ. ಮೀಟಿಂಗ್ ಬಿಟ್ಟೆ' ಅಂತ ಬರೆದರೆ ನಿಮ್ಮ ಆ ದಿನ ನನ್ನ ಕಣ್ಣಮುಂದೆ ಬರುತ್ತದೆ. ಒಬ್ಬ ಹುಡುಗಿ ಗೋಡೆ ಕ್ಯಾಲೆಂಡರಿನ ಆರು ಹಾಳೆ ಹರಿದುಕೊಂಡು ಬಂದಿದ್ದಳು, ನೋವಿದ್ದ ದಿನಕ್ಕೆ ಕೆಂಪು ಸುತ್ತು, ರಜೆ ಹಾಕಿದ ದಿನಕ್ಕೆ ಅದರ ಮೇಲೊಂದು ಗೆರೆ. ಮೊದಲ ಹಾಳೆಯಲ್ಲಿ ನಾಲ್ಕು ಸುತ್ತು, ಆರನೆಯದರಲ್ಲಿ ಹನ್ನೊಂದು. ನೋವು ಮುಟ್ಟಿನ ದಿನಗಳನ್ನು ದಾಟಿ ತಿಂಗಳಿಡೀ ಹರಡುತ್ತಿದೆ ಅನ್ನುವುದು ಅವಳು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗಿತ್ತು.

ನೋವಿಲ್ಲದ ದಿನವನ್ನೂ ಬರೆಯಿರಿ, ಸೊನ್ನೆ ಅಂತ. ಅದೂ ಮಾಹಿತಿಯೇ.

ಇನ್ನು, ಹೇಳಲು ನಾಚಿಕೆ ಅಂತಲೋ ಇದಕ್ಕೂ ಅದಕ್ಕೂ ಏನು ಸಂಬಂಧ ಅಂತಲೋ ಜನ ನುಂಗಿಕೊಳ್ಳುವ ವಿಷಯಗಳಿವೆ. ನಮಗೆ ಬೇಕಾಗಿರುವುದು ಮುಖ್ಯವಾಗಿ ಅವೇ. ಮುಟ್ಟಿನ ದಿನಗಳಲ್ಲಿ ಟಾಯ್ಲೆಟ್‌ಗೆ ಹೋದಾಗ ಚಾಕು ಹಾಕಿದ ಹಾಗೆ ನೋಯುತ್ತದಾ? ಭೇದಿ, ಮಲಬದ್ಧತೆ, ಹೊಟ್ಟೆ ಉಬ್ಬರ ಆ ದಿನಗಳಲ್ಲೇ ಬರುತ್ತದಾ? ಮೂತ್ರ ಮಾಡುವಾಗ ಉರಿ ಬಂದು, ಪರೀಕ್ಷೆ ಮಾಡಿಸಿದರೆ ಸೋಂಕು ಇಲ್ಲ ಅಂತ ಬಂದಿದೆಯಾ? ಮೂತ್ರದಲ್ಲೋ ಮಲದಲ್ಲೋ ಆ ದಿನಗಳಲ್ಲಿ ರಕ್ತ ಕಂಡಿದೆಯಾ? ಗಂಡನ ಜೊತೆ ಸೇರಿದಾಗ ಒಳಗೆ ಆಳದಲ್ಲಿ ನೋಯುತ್ತದಾ, ಆಮೇಲೆ ಗಂಟೆಗಟ್ಟಲೆ, ಮಾರನೇ ದಿನದವರೆಗೂ ಉಳಿಯುತ್ತದಾ, ಆ ಭಯಕ್ಕೇ ಬೇಡ ಅಂತ ತಪ್ಪಿಸಿಕೊಳ್ಳುತ್ತೀರಾ? ಮುಟ್ಟಿನ ಜೊತೆಗೇ ಬಲ ಭುಜದ ತುದಿಯಲ್ಲೋ ಎದೆಯಲ್ಲೋ ನೋವು ಬಂದು ಹೋಗುತ್ತದಾ? ಇದು ಅಪರೂಪ, ಆದರೆ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯ ಮೇಲೆ ಈ ಪದರ ಕೂತಿದ್ದರೆ ಹೀಗಾಗುತ್ತದೆ. ಸುಸ್ತು ಎಷ್ಟಿದೆ, ಮನಸ್ಸು ಹೇಗಿದೆ, ಅದನ್ನೂ ಬರೆಯಿರಿ. ಕರುಳಿನ ತೊಂದರೆ ಅಂತ ವರ್ಷಗಟ್ಟಲೆ ಬೇರೆ ಡಾಕ್ಟರ್ ಹತ್ತಿರ ಅಲೆದು, ಮುಟ್ಟಿಗೂ ಅದಕ್ಕೂ ನಂಟಿದೆ ಅಂತ ಯಾರೂ ಕೇಳದೆ ಹೋದವರು ತುಂಬಾ ಜನ ಇದ್ದಾರೆ.

ಬಾಯಲ್ಲಿ ಹೇಳಲು ಕಷ್ಟವಾದರೆ ಬರೆದು ಚೀಟಿ ಮುಂದಕ್ಕೆ ತಳ್ಳಿ. ನಾವು ಓದುತ್ತೇವೆ. ನಮಗೆ ಅದರಲ್ಲಿ ಹೊಸದು ಏನೂ ಇರುವುದಿಲ್ಲ, ನಾಚಿಕೆಯೂ ಇಲ್ಲ.

ಹೋಗುವ ಹಿಂದಿನ ದಿನ ಈ ಎಲ್ಲದರಿಂದ ಒಂದೇ ಒಂದು ಪುಟ ಮಾಡಿಕೊಳ್ಳಿ. ದೊಡ್ಡ ಅಕ್ಷರ, ಒಂದೇ ಬದಿ. ಇಪ್ಪತ್ತು ಪುಟದ ಡೈರಿಯನ್ನು ಓದಲು ಅಲ್ಲಿ ಯಾರಿಗೂ ಹೊತ್ತಿರುವುದಿಲ್ಲ, ಅದು ಬ್ಯಾಗಿನಲ್ಲಿರಲಿ. ಪುಟದ ಮೊದಲ ಸಾಲೇ ಒಳಗೆ ಕೂತ ತಕ್ಷಣ ನಿಮ್ಮ ಬಾಯಿಂದ ಬರುವ ಮೊದಲ ಮಾತಾಗಲಿ. ಉದಾಹರಣೆಗೆ: 'ನನಗೆ 15 ವರ್ಷದಿಂದ ಮುಟ್ಟಿನ ನೋವಿದೆ, ಈಗ ತಿಂಗಳಿಗೆ ಇಷ್ಟು ದಿನ ಕೆಲಸ ಮಾಡಲು ಆಗುತ್ತಿಲ್ಲ. ಸ್ಕ್ಯಾನಿನಲ್ಲಿ 3.5 ಸೆಂಟಿಮೀಟರ್ ಚಾಕೊಲೇಟ್ ಸಿಸ್ಟ್ ಇದೆ. ಎರಡು ವರ್ಷ ಬಿಟ್ಟು ಮಗು ಬೇಕು. ಅಲ್ಲಿವರೆಗೂ ನೋವು ಹತೋಟಿಗೆ ಬರಬೇಕು, ಅಂಡಾಶಯಕ್ಕೆ ಪೆಟ್ಟಾಗಬಾರದು.' ಇದನ್ನು ಹೇಳಲು ಅರ್ಧ ನಿಮಿಷ ಸಾಕು. ಕನ್ನಡಿ ಮುಂದೆ ನಿಂತು ಎರಡು ಸಲ ಜೋರಾಗಿ ಹೇಳಿ ನೋಡಿ, ಹುಡುಗಾಟ ಅಲ್ಲ, ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಪುಟದ ಕೆಳಗೆ ಮೂರು ಪ್ರಶ್ನೆ ಬರೆದುಕೊಳ್ಳಿ. ಹತ್ತು ಬರೆದರೆ ಬೇಕಾದ ಮೂರೇ ತಪ್ಪಿಹೋಗುತ್ತವೆ.

ಕಾಗದ ಪತ್ರಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸ್ಕ್ಯಾನ್ ರಿಪೋರ್ಟ್ ಜೊತೆಗೆ ಚಿತ್ರಗಳಿರುವ ಫಿಲ್ಮ್ ಅಥವಾ ಸಿಡಿಯನ್ನೂ ತನ್ನಿ, ಬರೀ ರಿಪೋರ್ಟ್ ಅಂದರೆ ಇನ್ನೊಬ್ಬರು ನೋಡಿ ಬರೆದ ಅಭಿಪ್ರಾಯ ಅಷ್ಟೇ. ಹಿಂದೆ ಹೊಟ್ಟೆಯ ಆಪರೇಷನ್ ಏನಾದರೂ ಆಗಿದ್ದರೆ ಅದರ ವಿವರ, ತುಣುಕು ಪರೀಕ್ಷೆಗೆ ಕಳಿಸಿದ್ದರೆ ಆ ರಿಪೋರ್ಟ್. ಇದುವರೆಗೆ ತೆಗೆದುಕೊಂಡ ಮಾತ್ರೆಗಳ ಹೆಸರು, ಎಷ್ಟು ದಿನ, ಯಾಕೆ ಬಿಟ್ಟಿರಿ. ಹೆಸರು ನೆನಪಿಲ್ಲದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ಹಾಕಿಕೊಂಡು ಬನ್ನಿ. ಅಮ್ಮನಿಗೋ ಅಕ್ಕತಂಗಿಯರಿಗೋ ಇಂಥ ನೋವಿತ್ತಾ, ಇದೇ ಕಾಯಿಲೆ ಇತ್ತಾ ಅಂತ ಕೇಳಿಟ್ಟುಕೊಳ್ಳಿ, ಮನೆಯಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಜಾಸ್ತಿ. ಮೈಗ್ರೇನ್ ಇದೆಯಾ, ಅದು ಬರುವ ಮುಂಚೆ ಕಣ್ಣ ಮುಂದೆ ಮಿಂಚಿದ ಹಾಗೆ ಆಗುತ್ತದಾ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ನಿಮಗೋ ಮನೆಯವರಿಗೋ ಆಗಿತ್ತಾ, ಸಿಗರೇಟ್ ಅಭ್ಯಾಸ ಇದೆಯಾ, ಹಿಂದೆ ಖಿನ್ನತೆಗೆ ಔಷಧ ತೆಗೆದುಕೊಂಡಿದ್ದಿರಾ. ಹಾರ್ಮೋನ್ ಮಾತ್ರೆಗಳಲ್ಲಿ ಯಾವುದು ನಿಮಗೆ ಆಗುತ್ತದೆ, ಯಾವುದು ಆಗುವುದೇ ಇಲ್ಲ ಅನ್ನುವುದು ಇವುಗಳ ಮೇಲೆ ನಿಂತಿದೆ.

ಅಪಾಯಿಂಟ್‌ಮೆಂಟ್ ದಿನವೇ ಮುಟ್ಟಾದರೆ? ಮುಂದೂಡಬೇಡಿ, ಹೋಗಿ. ಮಾತಾಡಲು, ಸ್ಕ್ಯಾನ್ ಮಾಡಲು ಅದು ಅಡ್ಡಿಯಲ್ಲ.

ಪರೀಕ್ಷೆಯ ಬಗ್ಗೆ ತುಂಬಾ ಜನಕ್ಕೆ ಒಳಗೊಳಗೇ ಭಯ ಇರುತ್ತದೆ, ಕೆಲವರು ಆ ಭಯಕ್ಕೇ ಬರುವುದಿಲ್ಲ. ಹೊಟ್ಟೆ ಮುಟ್ಟಿ ನೋಡುತ್ತಾರೆ, ಆಮೇಲೆ ಯೋನಿಯ ಮೂಲಕ ಬೆರಳಿನಿಂದ ಪರೀಕ್ಷೆ ಮಾಡಬಹುದು. ಗರ್ಭಕೋಶದ ಹಿಂದಿನ ಜಾಗದಲ್ಲಿ ಗಂಟು ಇದೆಯಾ, ಗರ್ಭಕೋಶ ಸಲೀಸಾಗಿ ಅಲ್ಲಾಡುತ್ತದಾ ಅಥವಾ ಹಿಂದಕ್ಕೆ ಅಂಟಿಕೊಂಡಿದೆಯಾ ಅಂತ ನೋಡಲು ಅದು. ನೋವಾದರೆ 'ನಿಲ್ಲಿಸಿ' ಅನ್ನುವ ಹಕ್ಕು ನಿಮ್ಮದು. ಇವತ್ತು ಬೇಡ ಅನ್ನಬಹುದು. ಜೊತೆಗೆ ಒಬ್ಬ ನರ್ಸ್ ಇರಲಿ ಅಂತ ಕೇಳಬಹುದು, ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಶುರು ಮಾಡುವ ಮುಂಚೆಯೇ 'ನನಗೆ ಒಳಗೆ ನೋಯುತ್ತದೆ, ನಿಧಾನ ಮಾಡಿ' ಅಂತ ಹೇಳಿ. ಎಲ್ಲಿ ಮುಟ್ಟಿದಾಗ ನಿಮ್ಮ ಪರಿಚಯದ ನೋವು ಬಂತು ಅನ್ನುವುದನ್ನೂ ಅಲ್ಲೇ ಹೇಳಿ, ಹಲ್ಲು ಕಚ್ಚಿ ಸಹಿಸಿಕೊಂಡರೆ ಆ ಪರೀಕ್ಷೆಯೇ ವ್ಯರ್ಥ.

ಈಗ ನಿಮ್ಮ ಸ್ಕ್ಯಾನಿಗೆ ಬರೋಣ. ಚಾಕೊಲೇಟ್ ಸಿಸ್ಟನ್ನು ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಸಿಸ್ಟ್ ಇರುವವರಲ್ಲಿ ಬಹಳ ಸಲ ಬೇರೆ ಕಡೆಯೂ ಆಳವಾಗಿ ಕಾಯಿಲೆ ಇರುತ್ತದೆ, ಕರುಳಿನ ಗೋಡೆಯಲ್ಲಿ, ಗರ್ಭಕೋಶದ ಹಿಂದಿನ ಪಟ್ಟಿಗಳಲ್ಲಿ, ಮೂತ್ರನಾಳದ ಹತ್ತಿರ. ಅದನ್ನು ಹುಡುಕಿಕೊಂಡು ನೋಡಿದರೆ ಮಾತ್ರ ಕಾಣುತ್ತದೆ. ಹಾಗಾಗಿ ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದು ಇದಾಗಲಿ: 'ಸಿಸ್ಟ್ ಬಿಟ್ಟು ಬೇರೆ ಕಡೆ ನೋಡಿದ್ದಾರಾ? ಎಂಡೊಮೆಟ್ರಿಯೋಸಿಸ್ ಸ್ಕ್ಯಾನಿನಲ್ಲಿ ಪಳಗಿದವರ ಹತ್ತಿರ ಇನ್ನೊಂದು ಸ್ಕ್ಯಾನೋ ಎಂಆರ್‌ಐಯೋ ಬೇಕಾ?' ಆಳದ ಕಾಯಿಲೆ ಇದ್ದರೆ ಕಿಡ್ನಿಯನ್ನೂ ಒಮ್ಮೆ ನೋಡಿಸಬೇಕು. ಮೂತ್ರನಾಳ ಒತ್ತಿಹೋಗಿ ಕಿಡ್ನಿ ಊದಿಕೊಳ್ಳುವುದು ಕೆಲವೊಮ್ಮೆ ಒಂದಿಷ್ಟೂ ನೋವಿಲ್ಲದೆ ನಡೆದುಹೋಗುತ್ತದೆ.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ನಿಮ್ಮ ಸ್ಕ್ಯಾನ್ ನಾರ್ಮಲ್ ಅಂತ ಬಂದಿದ್ದರೆ ಕಾಯಿಲೆ ಇಲ್ಲ ಅಂತ ಅರ್ಥವಲ್ಲ. ಮೇಲ್ಪದರದಲ್ಲಿ ಚುಕ್ಕಿಚುಕ್ಕಿಯಾಗಿ ಹರಡಿದ ಕಾಯಿಲೆ ಸ್ಕ್ಯಾನಿಗೂ ಎಂಆರ್‌ಐಗೂ ಸಾಮಾನ್ಯವಾಗಿ ಸಿಗುವುದಿಲ್ಲ. ಅಂಡಾಶಯದ ಕ್ಯಾನ್ಸರ್ ಅನುಮಾನ ಬಂದಾಗಲೂ ಮಾಡಿಸುವ ಸಿಎ-125 ಅನ್ನುವ ರಕ್ತಪರೀಕ್ಷೆಯಿಂದಲೂ ಇದೆ, ಇಲ್ಲ ಅಂತ ಹೇಳಲಾಗುವುದಿಲ್ಲ. ಅದು ಸ್ವಲ್ಪ ಜಾಸ್ತಿ ಬಂದಿದೆ ಅಂತ ಕ್ಯಾನ್ಸರ್ ಭಯದಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟವರನ್ನು ನೋಡಿದ್ದೇನೆ, ಎಂಡೊಮೆಟ್ರಿಯೋಸಿಸ್‌ನಲ್ಲೂ ಅದು ಏರುತ್ತದೆ. ಮೊದಲೆಲ್ಲ ಹೊಟ್ಟೆಗೆ ಕ್ಯಾಮೆರಾ ಹಾಕಿ, ಅಂದರೆ ಲ್ಯಾಪರೊಸ್ಕೋಪಿ ಮಾಡಿ ಕಣ್ಣಾರೆ ಕಂಡರೆ ಮಾತ್ರ ಖಚಿತ ಅನ್ನುತ್ತಿದ್ದೆವು. 2022ರ ಯುರೋಪಿನ ಮಾರ್ಗಸೂಚಿ ಅದನ್ನು ಬದಲಾಯಿಸಿತು. ಲಕ್ಷಣ ಹೊಂದಿದರೆ ಆಪರೇಷನ್ ಇಲ್ಲದೆಯೇ ಚಿಕಿತ್ಸೆ ಶುರು ಮಾಡಬಹುದು. ಸ್ಕ್ಯಾನಿನಲ್ಲಿ ಏನೂ ಕಾಣದೆ ಮಾತ್ರೆಯೂ ಕೆಲಸ ಮಾಡದಿದ್ದಾಗ ಅಥವಾ ಮಾತ್ರೆ ಹೊಂದದವರಿಗೆ ಲ್ಯಾಪರೊಸ್ಕೋಪಿ.

ಹಾರ್ಮೋನ್ ಮಾತ್ರೆಯ ಭಯ. ಈ ಭಯವನ್ನು ಮುಚ್ಚಿಡಬೇಡಿ, 'ಬರೆದುಕೊಟ್ಟಿದ್ದರು, ನಾನು ತೆಗೆದುಕೊಳ್ಳಲಿಲ್ಲ, ಭಯ ಆಯಿತು' ಅಂತ ನೇರವಾಗಿ ಹೇಳಿ. ಹೇಳದಿದ್ದರೆ ಮಾತ್ರೆ ಕೆಲಸ ಮಾಡಲಿಲ್ಲ ಅಂತ ತಿಳಿದು ಅದಕ್ಕಿಂತ ಜೋರಿನದ್ದನ್ನು ಬರೆಯುವ ಅಪಾಯ ಇದೆ. ಮೂರು ವಾರ ಕಾದಿದ್ದರಿಂದ ಕಾಯಿಲೆ ಕೈಮೀರಿ ಹೋಗುವುದಿಲ್ಲ, ಆ ಚಿಂತೆ ಬೇಡ.

ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೊಜೆನ್ ಅನ್ನುವ ಹಾರ್ಮೋನ್ ಈ ಪದರಕ್ಕೆ ಊಟ ಇದ್ದ ಹಾಗೆ. ಹಾರ್ಮೋನ್ ಚಿಕಿತ್ಸೆ ಅಂದರೆ ಆ ಊಟ ಕಡಿಮೆ ಮಾಡಿ, ಮುಟ್ಟನ್ನೇ ಒಂದಷ್ಟು ಕಾಲ ನಿಲ್ಲಿಸಿ, ಪದರವನ್ನು ಸುಮ್ನೆ ಮಲಗಿಸುವುದು. ಕಾಯಿಲೆಯನ್ನು ಬೇರುಸಮೇತ ತೆಗೆಯುವುದಿಲ್ಲ, ಬಿಟ್ಟರೆ ನೋವು ವಾಪಸ್ ಬರಬಹುದು. ನಿಮಗೆ ಬರೆದಿರುವ ಡೈನೋಜೆಸ್ಟ್ ದಿನಕ್ಕೆ 2 ಮಿಲಿಗ್ರಾಂ, ಬಿಡುವಿಲ್ಲದೆ ತೆಗೆದುಕೊಳ್ಳುವಂಥದ್ದು. ಮೊದಲ ಕೆಲವು ತಿಂಗಳು ಹೊತ್ತುಗೊತ್ತಿಲ್ಲದೆ ಚೂರುಚೂರು ಬ್ಲೀಡಿಂಗ್ ಆಗುತ್ತದೆ, ಇದನ್ನು ಮುಂಚೆಯೇ ಯಾರೂ ಹೇಳದಿದ್ದರೆ ಗಾಬರಿಯಾಗಿ ಬಿಟ್ಟುಬಿಡುತ್ತಾರೆ. ತಲೆನೋವು, ಎದೆ ಬಿಗಿತ, ಮನಸ್ಸು ಕುಗ್ಗುವುದು ಕೆಲವರಿಗೆ ಆಗುತ್ತದೆ. ಮನಸ್ಸು ತೀರಾ ಕುಗ್ಗಿದರೆ ಸಹಿಸಿಕೊಂಡು ಮುಂದುವರಿಸಬೇಡಿ, ಫೋನ್ ಮಾಡಿ ಹೇಳಿ. ಗುಣ ಗೊತ್ತಾಗಲು ಸುಮಾರು ಮೂರು ತಿಂಗಳು ಕೊಡಬೇಕು. ಅಂಡ ಬಿಡುಗಡೆಯನ್ನು ಇದು ತಡೆದರೂ ಇದನ್ನು ಗರ್ಭನಿರೋಧಕ ಮಾತ್ರೆ ಅಂತ ನಂಬಿ ಕೂರುವ ಹಾಗಿಲ್ಲ, ಕಾಂಡೋಮ್ ಬಳಸಿ. ತುಂಬಾ ವರ್ಷ ತೆಗೆದುಕೊಳ್ಳುವುದಾದರೆ ಮೂಳೆ ಸವೆಯುತ್ತದಾ ಅಂತ ಕೇಳಿ.

ಇದೊಂದೇ ದಾರಿ ಅಂತಲ್ಲ. ಎರಡು ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ಬಿಡುವು ಕೊಡದೆ ತೆಗೆದುಕೊಳ್ಳುವುದು ಒಂದು. ಆದರೆ ಕಣ್ಣ ಮುಂದೆ ಮಿಂಚು ಬರುವ ಮೈಗ್ರೇನ್ ಇದ್ದರೆ, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ ಅದು ಬೇಡವೇ ಬೇಡ. ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ಇರುವ ಸಾಧನ ಇನ್ನೊಂದು, ಅದು ಹಲವು ವರ್ಷ ಕೆಲಸ ಮಾಡುತ್ತದೆ, ಬೇಕಾದಾಗ ತೆಗೆಸಬಹುದು. ಮೂರು ತಿಂಗಳಿಗೊಮ್ಮೆ ಕೊಡುವ ಪ್ರೊಜೆಸ್ಟಿನ್ (ಡೈನೋಜೆಸ್ಟ್ ಗುಂಪಿನದೇ ಹಾರ್ಮೋನ್) ಇಂಜೆಕ್ಷನ್ ಇದೆ, ಆದರೆ ಅದನ್ನು ನಿಲ್ಲಿಸಿದ ಮೇಲೆ ಅಂಡ ಬಿಡುಗಡೆ ಮತ್ತೆ ಶುರುವಾಗಲು ಹಲವು ತಿಂಗಳು ಹಿಡಿಯಬಹುದು. ಎರಡು ವರ್ಷಕ್ಕೆ ಮಗು ಬೇಕು ಅನ್ನುವ ನಿಮಗೆ ನಾನಾದರೆ ಅದನ್ನು ಕೊಡುವುದಿಲ್ಲ. ಇವು ಯಾವುದೂ ಸಾಲದಿದ್ದಾಗ ಜಿಎನ್‌ಆರ್‌ಎಚ್ ಗುಂಪಿನ ಔಷಧಿಗಳು, ಅಂದರೆ ಅಂಡಾಶಯ ಈಸ್ಟ್ರೊಜೆನ್ ಮಾಡುವುದನ್ನೇ ತಗ್ಗಿಸುವಂಥವು. ಅವು ಮುಟ್ಟು ನಿಂತವರ ಹಾಗೆ ಮೈ ಬಿಸಿ, ಬೆವರು ತರುತ್ತವೆ, ಮೂಳೆ ಸವೆಸುತ್ತವೆ, ಅದಕ್ಕೇ ಜೊತೆಯಲ್ಲಿ ಸಣ್ಣ ಪ್ರಮಾಣದ ಹಾರ್ಮೋನ್ ಸೇರಿಸಿ ಕೊಡುತ್ತಾರೆ. ನೋವು ಕಡಿಮೆ ಮಾಡುವುದರಲ್ಲಿ ಈ ಎಲ್ಲದರ ನಡುವೆ ಅಂಥಾ ವ್ಯತ್ಯಾಸ ಇಲ್ಲ. ನಿಮ್ಮ ಮೈಗೆ ಯಾವುದು ಒಗ್ಗುತ್ತದೆ ಅನ್ನುವುದರ ಮೇಲೆ ಆರಿಸುವುದು. ಎರಡನೇ ಪ್ರಶ್ನೆಯಾಗಿ ಇದನ್ನೇ ಇಟ್ಟುಕೊಳ್ಳಿ: 'ಇದೇ ಔಷಧ ನನಗೆ ಯಾಕೆ, ಎಷ್ಟು ದಿನ ನೋಡೋಣ, ಆಗದಿದ್ದರೆ ಮುಂದೇನು?'

ಈ ಹಾರ್ಮೋನ್ ಮಾತ್ರೆಗಳಿಂದ ಬಂಜೆತನ ಬರುವುದಿಲ್ಲ. ಮಾತ್ರೆ ತೆಗೆದುಕೊಳ್ಳುವವರೆಗೂ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ ಅಷ್ಟೇ, ಬಿಟ್ಟ ಮೇಲೆ ಮುಟ್ಟು ವಾಪಸ್ ಬರುತ್ತದೆ. ಹಾಗೇ, ಇವುಗಳಿಂದ ಬೇಗ ಗರ್ಭ ಕಟ್ಟುತ್ತದೆ ಅಂತಲೂ ಇಲ್ಲ. 'ಮಗು ಆದರೆ ಎಲ್ಲ ಸರಿಹೋಗುತ್ತದೆ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಸುರಿಯಾದಾಗ ಕೆಲವರಿಗೆ ನೋವು ಕಡಿಮೆ ಇರುತ್ತದೆ, ಆಮೇಲೆ ವಾಪಸ್ ಬರಬಹುದು. ಮಗು ಬೇಕು ಅಂತ ಮಗು ಮಾಡಿಕೊಳ್ಳಿ, ಔಷಧ ಅಂತ ಮಾಡಿಕೊಳ್ಳಬೇಡಿ.

ನೋವಿನ ಮಾತ್ರೆ ಬಗ್ಗೆ ಒಂದೇ ವಿಷಯ. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆ್ಯಸಿಡ್ ಥರದವನ್ನು ನೋವು ನೆತ್ತಿಗೇರಿದ ಮೇಲೆ ನುಂಗಿದರೆ ಅರ್ಧ ಕೆಲಸವೂ ಆಗುವುದಿಲ್ಲ. ನೋವಿನ ಸುಳಿವು ಸಿಕ್ಕ ಕೂಡಲೇ ಏನಾದರೂ ತಿಂದು ತೆಗೆದುಕೊಳ್ಳಬೇಕು. ಈ ಗುಂಪಿನ ಎರಡನ್ನು ಒಟ್ಟಿಗೆ ಬೇಡ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದರೆ ಕೇಳದೆ ಮುಟ್ಟಬೇಡಿ.

ಈಗ ಆಪರೇಷನ್. ನಿಮ್ಮ ವಿಷಯದಲ್ಲಿ ನಾನು ಜಾಸ್ತಿ ಎಚ್ಚರಿಕೆ ಹೇಳಬೇಕಾಗಿರುವುದು ಇಲ್ಲಿ. 3.5 ಸೆಂಟಿಮೀಟರ್ ಅನ್ನುವ ಗಾತ್ರ ಒಂದನ್ನೇ ನೋಡಿ ಸಿಸ್ಟ್ ತೆಗೆಯುವುದಿಲ್ಲ. ಚಾಕೊಲೇಟ್ ಸಿಸ್ಟಿನ ಗೋಡೆ ಅಂಡಾಶಯಕ್ಕೆ ಬಿಗಿಯಾಗಿ ಅಂಟಿರುತ್ತದೆ. ಅದನ್ನು ಸುಲಿಯುವಾಗ ಎಷ್ಟೇ ನಾಜೂಕಾಗಿ ಮಾಡಿದರೂ ಜೊತೆಗೆ ಚೆನ್ನಾಗಿರುವ ಭಾಗವೂ, ಅದರಲ್ಲಿರುವ ಅಂಡಗಳೂ ಸ್ವಲ್ಪ ಹೋಗುತ್ತವೆ. ಮಗು ಇನ್ನೂ ಆಗಬೇಕಾದವರಿಗೆ ಇದು ಸಣ್ಣ ಮಾತಲ್ಲ. ಹಾಗಂತ ಆಪರೇಷನ್ ಬೇಡವೇ ಬೇಡ ಅಂತಲೂ ಅಲ್ಲ. ಮಾತ್ರೆಗೆ ಬಗ್ಗದ ನೋವು, ಬೆಳೆಯುತ್ತಿರುವ ಸಿಸ್ಟ್, ಸ್ಕ್ಯಾನಿನಲ್ಲಿ ಅನುಮಾನ ಬರುವ ರೂಪ, ಕರುಳು ಅಥವಾ ಮೂತ್ರನಾಳ ಸಿಕ್ಕಿಹಾಕಿಕೊಂಡಿರುವುದು, ಇಂಥ ಕಡೆ ಒಳ್ಳೆಯ ಆಪರೇಷನ್ ಬದುಕನ್ನೇ ಬದಲಾಯಿಸುತ್ತದೆ. ಆದ್ದರಿಂದ ಆಪರೇಷನ್ ಮಾತು ಬಂದರೆ ಅಲ್ಲೇ ತಲೆಯಾಡಿಸಿ ತಾರೀಕು ತೆಗೆದುಕೊಂಡು ಬರಬೇಡಿ. ಮೂರನೇ ಪ್ರಶ್ನೆ ಅದಕ್ಕೇ ಇರಲಿ: 'ಈಗಲೇ ಯಾಕೆ? ಮುಂಚೆ ಎಎಂಎಚ್ ನೋಡೋಣವಾ? ಇಂಥ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ಒಳಗೆ ಕರುಳಿನಲ್ಲೂ ಇದೆ ಅಂತ ಗೊತ್ತಾದರೆ ಏನು ಮಾಡುತ್ತೀರಿ?' ಎಎಂಎಚ್ ಅಂದರೆ ಅಂಡಗಳ ದಾಸ್ತಾನು ಅಂದಾಜು ಮಾಡುವ ರಕ್ತಪರೀಕ್ಷೆ. ಅದು ಕಡಿಮೆ ಬಂತು ಅಂತ ಸಹಜವಾಗಿ ಮಗು ಆಗುವುದಿಲ್ಲ ಅಂತ ತಿಳಿಯಬೇಡಿ, ಆಪರೇಷನ್ ಮಾಡುವಾ ಬೇಡವಾ ಅಂತ ತೂಗಿನೋಡಲು ಅದು ಬೇಕು. ಗರ್ಭಕೋಶ ತೆಗೆಸಿಬಿಟ್ಟರೆ ಮುಗಿಯಿತು ಅನ್ನುವ ಮಾತೂ ಕಿವಿಗೆ ಬೀಳುತ್ತದೆ. ಕಾಯಿಲೆ ಇರುವುದು ಗರ್ಭಕೋಶದ ಹೊರಗೆ. ಅದನ್ನು ಬಿಟ್ಟು ಗರ್ಭಕೋಶ ಮಾತ್ರ ತೆಗೆದರೆ ನೋವು ಹೋಗುತ್ತದೆ ಅಂತ ಯಾರೂ ಮಾತು ಕೊಡಲಾರರು.

ಎರಡು ವರ್ಷ ಬಿಟ್ಟು ಅನ್ನುವ ನಿಮ್ಮ ಯೋಚನೆಯನ್ನೂ ಅಲ್ಲೇ ಚರ್ಚೆಗೆ ಇಡಿ. ಎಂಡೊಮೆಟ್ರಿಯೋಸಿಸ್ ಇದ್ದೂ ಸಹಜವಾಗಿ ಬಸುರಿಯಾದವರು ಬಹಳ ಜನ. ಆದರೆ ಕೆಲವರಿಗೆ ತಡವಾಗುತ್ತದೆ. ಹಾಗಾಗಿ ಪ್ರಯತ್ನ ಶುರು ಮಾಡಿ ಆರು ತಿಂಗಳಾದರೂ ಆಗದಿದ್ದರೆ ವರ್ಷದವರೆಗೆ ಕಾಯದೆ ಡಾಕ್ಟರನ್ನು ನೋಡಿ ಅಂತ ನಾನು ಹೇಳುತ್ತೇನೆ.

ನೋವು ತಿಂಗಳಿಡೀ ಇದ್ದರೆ, ಸೇರುವಾಗಿನ ನೋವು ಜಾಸ್ತಿ ಇದ್ದರೆ ಕೆಳಹೊಟ್ಟೆಯ ತಳದ ಸ್ನಾಯುಗಳ ಬಗ್ಗೆಯೂ ಕೇಳಿ. ವರ್ಷಗಟ್ಟಲೆ ನೋವಿಗೆ ಬಿಗಿಹಿಡಿದು ಬಿಗಿಹಿಡಿದು ಅವು ಸಡಿಲವಾಗುವುದನ್ನೇ ಮರೆತಿರುತ್ತವೆ. ಇದನ್ನು ಗೊತ್ತಿರುವ ಫಿಸಿಯೊಥೆರಪಿಸ್ಟ್ ಸಿಕ್ಕರೆ ಮಾತ್ರೆ, ಆಪರೇಷನ್ ಕೊಡದ ಆರಾಮ ಕೆಲವರಿಗೆ ಅಲ್ಲಿ ಸಿಗುತ್ತದೆ.

ಈ ಸಲವೂ ಮಾತು ತುಂಡಾದರೆ, 'ಸ್ವಲ್ಪ ನೋವು ಇರುತ್ತೆ ಬಿಡಿ' ಅಂದರೆ, ಜಗಳ ಬೇಡ. ನಿಮ್ಮ ಪುಟ ಮುಂದಿಟ್ಟು 'ತಿಂಗಳಿಗೆ ಇಷ್ಟು ದಿನ ನನ್ನಿಂದ ಕೆಲಸ ಮಾಡಲು ಆಗುತ್ತಿಲ್ಲ, ಇದಕ್ಕೆ ನಾವು ಏನು ಮಾಡೋಣ' ಅಂತ ಮತ್ತೊಮ್ಮೆ ಕೇಳಿ. ಅದಕ್ಕೂ ಉತ್ತರ ಸಿಗದಿದ್ದರೆ ಎಂಡೊಮೆಟ್ರಿಯೋಸಿಸ್ ಜಾಸ್ತಿ ನೋಡುವವರ ಹತ್ತಿರ ಕಳಿಸಿಕೊಡಿ ಅಂತ ಕೇಳಿ. ಇದರಿಂದ ಬೇಜಾರು ಮಾಡಿಕೊಳ್ಳುವ ಡಾಕ್ಟರ್ ಕಡಿಮೆ. ಎದ್ದು ಬರುವ ಮುಂಚೆ ಮೂರು ವಿಷಯ ಬಾಯಿಬಿಟ್ಟು ಕೇಳಿ ಬರೆದುಕೊಳ್ಳಿ: ಏನು ಇದೆ ಅಂತ ನಿಮ್ಮ ಅಂದಾಜು, ಈಗ ಏನು ಮಾಡುತ್ತೇವೆ, ಮತ್ತೆ ಯಾವಾಗ ಬರಲಿ.

ಅಪಾಯಿಂಟ್‌ಮೆಂಟ್ ತನಕ ಕಾಯಬಾರದ ಸಂದರ್ಭಗಳೂ ಇವೆ. ಇದ್ದಕ್ಕಿದ್ದ ಹಾಗೆ ಎಂದೂ ಇಲ್ಲದಷ್ಟು ಜೋರು ನೋವು, ಜೊತೆಗೆ ಜ್ವರ, ವಾಂತಿ, ತಲೆಸುತ್ತಿ ಬೀಳುವುದು, ಅಥವಾ ಮುಟ್ಟು ತಪ್ಪಿ ಒಂದು ಕಡೆ ನೋವು ಶುರುವಾಗುವುದು. ಸಿಸ್ಟ್ ಒಡೆದಿರಬಹುದು, ಅಂಡಾಶಯ ತಿರುಚಿಕೊಂಡಿರಬಹುದು, ಗರ್ಭಕೋಶದ ಬದಲು ಪಕ್ಕದ ನಾಳದಲ್ಲಿ ಗರ್ಭ ನಿಂತಿರಬಹುದು. ಅವತ್ತು ನೇರ ತುರ್ತು ಚಿಕಿತ್ಸೆಗೆ ಹೋಗಿ.

ಗಂಡನ ವಿಷಯ ಕೇಳಿದ್ದೀರಿ. ಬರಲಿ, ಖಂಡಿತ ಬರಲಿ. ಆದರೆ ಮೊದಲ ಐದು ನಿಮಿಷ ನೀವೊಬ್ಬರೇ ಒಳಗಿರಿ. ಸೇರುವಾಗಿನ ನೋವು, ಮಗುವಿನ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವ ಅನುಮಾನ, ಇವು ಅವರ ಮುಂದೆ ಬರದೇ ಇರಬಹುದು, ಎಷ್ಟೇ ಒಳ್ಳೆಯವರಾದರೂ. ಪರೀಕ್ಷೆ ಮುಗಿದ ಮೇಲೆ ಒಳಗೆ ಕರೆಯಿರಿ, ಕೈಗೆ ಒಂದು ಪೆನ್ನು ಕೊಡಿ. ಡಾಕ್ಟರ್ ಹೇಳುವುದನ್ನೆಲ್ಲ ಬರೆದುಕೊಳ್ಳುವುದು ಅವರ ಕೆಲಸ. ಮತ್ತೆ, ನೋವಿನ ದಿನಗಳಲ್ಲಿ ನಿಮ್ಮ ಪಾಡನ್ನು ಕಣ್ಣಾರೆ ನೋಡಿದವರು ಅವರು, ಅಲ್ವಾ? ನೀವು 'ಪರವಾಗಿಲ್ಲ, ತಡ್ಕೋತೀನಿ' ಅಂತ ಮಾತು ಸಣ್ಣದು ಮಾಡಲು ಹೊರಟರೆ ಅದನ್ನು ಅವರೇ ಡಾಕ್ಟರಿಗೆ ಹೇಳಲಿ ಅಂತ ಮನೆಯಲ್ಲೇ ಮಾತಾಡಿಕೊಂಡು ಹೋಗಿ.